ಮಜ್ಜೆಯ ಕಾಂಡಕೋಶಗಳು ಮತ್ತು ರಕ್ತದ ಉತ್ಪತ್ತಿ: ಟಿಲ್ ಹಾಗೂ ಮೆಕಲಕ್ ಅವರ ಸಂಶೋಧನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೇಹದಲ್ಲಿ ರಕ್ತ ಎಲ್ಲಿ ಹುಟ್ಟುತ್ತದೆ?

ವಯಸ್ಕರಲ್ಲಿ ರಕ್ತಕಣಗಳು ಹುಟ್ಟುವುದು ಮೂಳೆಗಳ ಒಳಗಿನ ಕೆಂಪು ಮಜ್ಜೆಯಲ್ಲಿ. ಸೊಂಟದ ಮೂಳೆ, ಬೆನ್ನೆಲುಬಿನ ಮಣಿಗಳು, ಎದೆಯ ಮೂಳೆ ಮತ್ತು ಪಕ್ಕೆಲುಬುಗಳಲ್ಲಿ ಈ ಮಜ್ಜೆ ಹೆಚ್ಚಾಗಿರುತ್ತದೆ. ಗರ್ಭದಲ್ಲಿರುವ ಶಿಶುವಿನಲ್ಲಿ ಮಾತ್ರ ಈ ಕೆಲಸವನ್ನು ಬಹುಕಾಲ ಯಕೃತ್ತು ನಿರ್ವಹಿಸುತ್ತದೆ. ಜನನ ಸಮೀಪಿಸುವ ಹೊತ್ತಿಗೆ ಅದು ಮಜ್ಜೆಗೆ ವರ್ಗವಾಗುತ್ತದೆ. ರಕ್ತದ ಮೂಲ ಮಜ್ಜೆಯೇ ಎಂಬುದನ್ನು 1868ರಲ್ಲಿ ಜರ್ಮನಿಯ ಅರ್ನ್ಸ್ಟ್ ನಾಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಜೊಜೆರೊ ಪ್ರತ್ಯೇಕವಾಗಿ ತೋರಿಸಿಕೊಟ್ಟರು. ಅದಕ್ಕೆ ಮೊದಲು ಮಜ್ಜೆಯೆಂದರೆ ಮೂಳೆಯೊಳಗೆ ತುಂಬಿಕೊಂಡ ಕೊಬ್ಬು ಎಂದೇ ಹಲವರ ಎಣಿಕೆಯಾಗಿತ್ತು.

ಉತ್ಪಾದನೆಯ ಪ್ರಮಾಣ ಊಹೆಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಆರೋಗ್ಯವಂತ ವಯಸ್ಕರ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್‌ಗಳ ಆಯಸ್ಸು 7ರಿಂದ 10 ದಿನ, ಸೋಂಕಿನೊಡನೆ ಮೊದಲು ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣ ರಕ್ತದಲ್ಲಿ ಸುತ್ತಾಡುವುದು ಹೆಚ್ಚಾಗಿ ಒಂದು ದಿನಕ್ಕೂ ಕಡಿಮೆ. ಹೀಗೆ ನಿರಂತರ ಸಾಯುತ್ತಿರುವ ಕಣಗಳ ಜಾಗವನ್ನು ಎಂಬತ್ತು ವರ್ಷ ಎಡೆಬಿಡದೆ ತುಂಬುತ್ತಿರುವವರು ಯಾರು ಎಂಬುದೇ ಈ ಪುಟದ ಮೂಲ ಪ್ರಶ್ನೆ.

ಕಾಂಡಕೋಶ ಎಂದರೆ ಏನು? ಅದನ್ನು ನೋಡಿ ಗುರುತಿಸಬಹುದೇ?

ಸ್ಟೆಮ್ ಸೆಲ್ ಎಂದು ಆಸ್ಪತ್ರೆಗಳಲ್ಲಿ ಕರೆಯುವ ಕಾಂಡಕೋಶಕ್ಕೆ ಎರಡು ಲಕ್ಷಣಗಳು ಇರಲೇಬೇಕು. ಒಂದು, ಅದು ವಿಭಜನೆಗೊಂಡಾಗ ತನ್ನಂಥದೇ ಕೋಶವನ್ನು ಮತ್ತೆ ಹುಟ್ಟಿಸಬಲ್ಲದು. ಎರಡು, ಅದರ ಸಂತತಿಯಿಂದ ಬೇರೆ ಬೇರೆ ಬಗೆಯ ಪ್ರೌಢ ಕೋಶಗಳು ಮೂಡಬಲ್ಲವು. ರಕ್ತದ ಕಾಂಡಕೋಶವಾದರೆ ಕೆಂಪು ಕಣ, ಬಿಳಿ ಕಣದ ಎಲ್ಲ ಬಗೆಗಳು ಮತ್ತು ಪ್ಲೇಟ್‌ಲೆಟ್‌ಗಳು ಅದರ ಸಂತತಿಯಾಗಿರಬೇಕು.

ನೋಡಿ ಗುರುತಿಸುವ ಮಾತಿಗೆ ಬಂದರೆ, ಸಾಮಾನ್ಯ ಸೂಕ್ಷ್ಮದರ್ಶಕದಡಿ ಅದು ಒಂದು ಸಣ್ಣ, ದುಂಡನೆಯ ಕೋಶ. ಪಕ್ಕದಲ್ಲಿರುವ ಬಿಳಿ ಕಣವಾದ ಲಿಂಫೊಸೈಟ್‌ಗೂ ಅದಕ್ಕೂ ಮೇಲುನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಲ ರಕ್ತಕಣಗಳಿಗೂ ಒಂದೇ ಪೂರ್ವಜ ಕೋಶ ಇರಬೇಕೆಂದು ರಷ್ಯಾದ ಅಲೆಕ್ಸಾಂಡರ್ ಮ್ಯಾಕ್ಸಿಮೊವ್ 1909ರಲ್ಲೇ ವಾದಿಸಿದ್ದರು. ಆದರೆ ಗಾಜಿನ ಮೇಲೆ ಬಣ್ಣ ಹಾಕಿದ ಕೋಶಗಳನ್ನು ಎಷ್ಟು ದಿಟ್ಟಿಸಿದರೂ ಆ ವಾದ ಸರಿಯೋ ತಪ್ಪೋ ಎಂದು ತೀರ್ಮಾನಿಸಲಾಗುವುದಿಲ್ಲ. ಯಾವ ಕೋಶ ಮುಂದೆ ಏನಾಗುತ್ತದೆ ಎಂಬುದನ್ನು ಸತ್ತ ಕೋಶ ಹೇಳಲಾರದು. ಹೀಗಾಗಿ ಅರ್ಧ ಶತಮಾನ ಈ ವಿಷಯ ಅಭಿಪ್ರಾಯಭೇದದ ಮಟ್ಟದಲ್ಲೇ ಉಳಿಯಿತು.

ಟಿಲ್ ಮತ್ತು ಮೆಕಲಕ್ ಯಾರು?

ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಕೆನಡಾದವರು. ಟೊರಾಂಟೊ ನಗರದ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು. 1926ರಲ್ಲಿ ಟೊರಾಂಟೊದಲ್ಲೇ ಹುಟ್ಟಿದ ಮೆಕಲಕ್ ವೈದ್ಯರು, ರಕ್ತರೋಗ ತಜ್ಞರು. 1931ರಲ್ಲಿ ಹುಟ್ಟಿದ ಟಿಲ್ ಪಶ್ಚಿಮ ಕೆನಡಾದ ಕೃಷಿಕ ಕುಟುಂಬದಿಂದ ಬಂದ ಭೌತವಿಜ್ಞಾನಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಜೀವಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1957ರಲ್ಲಿ ಟೊರಾಂಟೊಗೆ ಬಂದರು. ಕ್ಯಾನ್ಸರ್ ಚಿಕಿತ್ಸೆಗೆ ಕೋಬಾಲ್ಟ್ ವಿಕಿರಣವನ್ನು ಬಳಕೆಗೆ ತಂದವರಲ್ಲಿ ಪ್ರಮುಖರಾದ ಹೆರಾಲ್ಡ್ ಜಾನ್ಸ್ ಅದೇ ಸಂಸ್ಥೆಯ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದ್ದರಿಂದ ಅಲ್ಲಿ ವಿಕಿರಣವನ್ನು ಕರಾರುವಾಕ್ಕಾಗಿ ಅಳೆಯುವ ಶಿಸ್ತು ಮೊದಲೇ ಬೇರೂರಿತ್ತು.

ವೈದ್ಯರೊಬ್ಬರು ಭೌತವಿಜ್ಞಾನಿಯ ಜತೆ ಸೇರಿದ್ದು ಇಲ್ಲಿ ಕೇವಲ ಜೀವನಚರಿತ್ರೆಯ ವಿವರವಲ್ಲ. ಮಜ್ಜೆಯ ವಿಷಯದಲ್ಲಿ ಅದುವರೆಗೆ ಇದ್ದದ್ದು ವರ್ಣನೆ. ಇವರಿಬ್ಬರು ಸೇರಿ ತಂದದ್ದು ಎಣಿಕೆ.

ಅವರು ಕಾಂಡಕೋಶವನ್ನೇ ಹುಡುಕುತ್ತಿದ್ದರೇ?

ಇಲ್ಲ. ಅವರ ಪ್ರಶ್ನೆ ವಿಕಿರಣಕ್ಕೆ ಸಂಬಂಧಿಸಿದ್ದು. 1945ರಲ್ಲಿ ಹಿರೋಷಿಮಾ ಮತ್ತು ನಾಗಾಸಾಕಿಯಲ್ಲಿ ಸ್ಫೋಟದಿಂದ ಬದುಕುಳಿದ ಹಲವರು ಮುಂದಿನ ವಾರಗಳಲ್ಲಿ ರಕ್ತಸ್ರಾವ ಮತ್ತು ಸೋಂಕಿನಿಂದ ಸತ್ತಿದ್ದರು. ವಿಕಿರಣ ಅವರ ಮಜ್ಜೆಯನ್ನು ನಾಶಮಾಡಿತ್ತು. 1949ರಲ್ಲಿ ಷಿಕಾಗೊದ ಲಿಯೊನ್ ಜೇಕಬ್ಸನ್, ಇಲಿಯ ಗುಲ್ಮವನ್ನು (ಸ್ಪ್ಲೀನ್ ಎಂಬ ಅಂಗವನ್ನು) ಸೀಸದಿಂದ ಮರೆಮಾಡಿ ಉಳಿದ ದೇಹಕ್ಕೆ ಮಾರಕ ಪ್ರಮಾಣದ ವಿಕಿರಣ ಕೊಟ್ಟರೂ ಅನೇಕ ಇಲಿಗಳು ಬದುಕುತ್ತವೆ ಎಂದು ತೋರಿಸಿದರು. 1951ರಲ್ಲಿ ಮಜ್ಜೆಯನ್ನು ಚುಚ್ಚುಮದ್ದಾಗಿ ಕೊಟ್ಟರೂ ಅದೇ ರಕ್ಷಣೆ ಸಿಗುವುದು ಕಂಡುಬಂತು. ಇದು ಯಾವುದೋ ರಾಸಾಯನಿಕದ ಪರಿಣಾಮವೋ, ಜೀವಂತ ಕೋಶಗಳ ಪರಿಣಾಮವೋ ಎಂಬ ತಕರಾರು ಕೆಲವು ವರ್ಷ ನಡೆದು, 1956ರಲ್ಲಿ ಬ್ರಿಟನ್ನಿನ ತಂಡವೊಂದು ದಾನಿ ಇಲಿಯ ವಿಶಿಷ್ಟ ವರ್ಣತಂತು (ಕ್ರೋಮೋಸೋಮ್) ಸ್ವೀಕರಿಸಿದ ಇಲಿಯ ಮಜ್ಜೆಯಲ್ಲಿ ಕಾಣಿಸಿಕೊಂಡದ್ದನ್ನು ತೋರಿಸಿದ ಮೇಲೆ ಕೋಶಗಳ ಪರವಾಗಿ ಇತ್ಯರ್ಥವಾಯಿತು.

ಟಿಲ್ ಮತ್ತು ಮೆಕಲಕ್ ಕೇಳಿಕೊಂಡದ್ದು ಇದರ ಮುಂದಿನ ಪ್ರಶ್ನೆ: ಸಹಜ ಮಜ್ಜೆಯ ಕೋಶಗಳು ಎಷ್ಟು ವಿಕಿರಣಕ್ಕೆ ಎಷ್ಟರ ಮಟ್ಟಿಗೆ ಸಾಯುತ್ತವೆ? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಇದನ್ನು ಅಳೆಯುವ ವಿಧಾನ ಆಗಲೇ ಇತ್ತು. ಸಹಜ ಮಜ್ಜೆಯ ಕೋಶಗಳಿಗೆ ಅಂಥದ್ದು ಇರಲಿಲ್ಲ.

ಪ್ರಯೋಗ ಹೇಗೆ ನಡೆಯಿತು?

ಇಲಿಗಳಿಗೆ ಮಾರಕ ಪ್ರಮಾಣದ, ಅಂದರೆ 900 ರಾಡ್‌ಗೂ ಹೆಚ್ಚು ವಿಕಿರಣ ಕೊಟ್ಟು ಅವುಗಳ ಸ್ವಂತ ಮಜ್ಜೆಯನ್ನು ನಿಷ್ಕ್ರಿಯಗೊಳಿಸಲಾಯಿತು. ಬಳಿಕ ಆರೋಗ್ಯವಂತ ಇಲಿಯ ಮಜ್ಜೆಯಿಂದ ಎಣಿಸಿ ತೆಗೆದ ಕೋಶಗಳನ್ನು ಬಾಲದ ರಕ್ತನಾಳದ ಮೂಲಕ ಒಳಕ್ಕೆ ಬಿಡಲಾಯಿತು. ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಸಂಖ್ಯೆಯ ಕೋಶಗಳು. ಎಷ್ಟು ಕೋಶ ಕೊಟ್ಟರೆ ಎಷ್ಟು ಇಲಿಗಳು ತಿಂಗಳ ನಂತರವೂ ಬದುಕಿರುತ್ತವೆ ಎಂದು ನೋಡುವುದು ಮೊದಲಿನ ಯೋಜನೆಯಾಗಿತ್ತು.

ಆದರೆ ಅಷ್ಟು ದಿನ ಕಾಯದೆ, ಹತ್ತನೆಯ ದಿನದ ಸುಮಾರಿಗೆ ಕೆಲವು ಇಲಿಗಳ ಒಳಗೆ ಏನಾಗುತ್ತಿದೆಯೆಂದು ನೋಡಲು ಒಂದು ಭಾನುವಾರ ಮೆಕಲಕ್ ಪ್ರಯೋಗಾಲಯಕ್ಕೆ ಹೋದರು. ಇಲಿಯ ಗುಲ್ಮವೆಂದರೆ ಉದ್ದನೆಯ, ನಯವಾದ ಮೇಲ್ಮೈಯ ಪುಟ್ಟ ಅಂಗ. ಅವರು ತೆರೆದು ನೋಡಿದ ಗುಲ್ಮಗಳ ಮೇಲೆ ಅಲ್ಲಲ್ಲಿ ಗಂಟುಗಳು ಎದ್ದಿದ್ದವು. ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಬೂಯಾ ದ್ರಾವಣ ಎಂಬ ಹಳದಿ ದ್ರವದಲ್ಲಿ ಅದ್ದಿಟ್ಟರೆ ಇನ್ನೂ ಸ್ಪಷ್ಟವಾಗಿ ಉಬ್ಬಿ ಕಾಣುವಂಥವು. ಅವರು ಅವನ್ನು ಎಣಿಸಿದರು. ಸೋಮವಾರ ಟಿಲ್ ಅವರ ಮುಂದಿಟ್ಟ ಗ್ರಾಫ್ ಹಾಳೆಯಲ್ಲಿ, ಚುಚ್ಚಿದ ಕೋಶಗಳ ಸಂಖ್ಯೆಗೂ ಗಂಟುಗಳ ಸಂಖ್ಯೆಗೂ ನಡುವೆ ನೇರ ಗೆರೆ ಬಂದಿತ್ತು. ಸ್ಥೂಲವಾಗಿ 10,000 ಮಜ್ಜೆಯ ಕೋಶಗಳಿಗೆ ಒಂದು ಗಂಟು.

ಗುಲ್ಮದ ಗಂಟುಗಳನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ ಎಂದಲ್ಲ. ವಿಕಿರಣಕ್ಕೊಳಗಾದ ಪ್ರಾಣಿಗಳಲ್ಲಿ ಅಂಥವು ಏಳುವುದು ತಿಳಿದಿತ್ತು. ಕಂಡದ್ದನ್ನು ಎಣಿಸಿ, ಆ ಎಣಿಕೆ ಒಂದು ನಿಯಮಕ್ಕೆ ಬದ್ಧವಾಗಿದೆ ಎಂದು ತೋರಿಸಿದ್ದು ಇಲ್ಲಿನ ಹೊಸತು. ಈ ಫಲಿತಾಂಶ 1961ರಲ್ಲಿ ವಿಕಿರಣ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಶೀರ್ಷಿಕೆ ವಿಕಿರಣ ಸಂವೇದನೆಯ ಅಳತೆಯ ಬಗ್ಗೆ ಇತ್ತೇ ಹೊರತು ಹೊಸ ಕೋಶದ ಶೋಧದ ಬಗ್ಗೆ ಅಲ್ಲ. ರಕ್ತವಿಜ್ಞಾನಿಗಳಲ್ಲಿ ಬಹುಮಂದಿಗೆ ಅದು ತಕ್ಷಣ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವೇನಿಲ್ಲ.

ಒಂದೊಂದು ಗಂಟೂ ಒಂದೇ ಕೋಶದಿಂದ ಹುಟ್ಟಿದ್ದೆಂದು ಹೇಗೆ ಖಚಿತವಾಯಿತು?

ನೇರ ಗೆರೆ ಒಂದು ಸೂಚನೆ ಮಾತ್ರ, ರುಜುವಾತಲ್ಲ. ರುಜುವಾತು ಬಂದದ್ದು 1963ರಲ್ಲಿ, ಆಂಡ್ರ್ಯೂ ಬೆಕರ್ ಎಂಬ ವಿದ್ಯಾರ್ಥಿಯ ಕೆಲಸದಿಂದ. ಮಜ್ಜೆಯನ್ನು ಚುಚ್ಚಿದ ಬಳಿಕ ಮತ್ತೊಮ್ಮೆ ವಿಕಿರಣ ಕೊಟ್ಟರೆ ಕೆಲವು ಕೋಶಗಳ ವರ್ಣತಂತುಗಳು ಮುರಿದು ತಪ್ಪುತಪ್ಪಾಗಿ ಕೂಡಿಕೊಳ್ಳುತ್ತವೆ. ಅಂಥ ಮುರಿತ ಪ್ರತಿ ಕೋಶದಲ್ಲೂ ಬೇರೆ ಬೇರೆ ಬಗೆಯದು. ಎರಡು ಕೋಶಗಳಲ್ಲಿ ಒಂದೇ ರೀತಿಯ ಮುರಿತ ಆಗುವ ಸಂಭವ ತೀರಾ ಕಡಿಮೆ. ಹಾಗೆ ಗುರುತು ಬಿದ್ದ ಒಂದು ಕೋಶ ಗಂಟಾಗಿ ಬೆಳೆದಿದ್ದರೆ ಆ ಗಂಟಿನ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಅದೇ ಗುರುತು ಇರಬೇಕು. ಬೆಕರ್ ಗಂಟುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ತೆಗೆದು, ವಿಭಜನೆಯ ಹಂತದಲ್ಲಿರುವ ಕೋಶಗಳ ವರ್ಣತಂತುಗಳನ್ನು ಪರೀಕ್ಷಿಸಿದಾಗ ಕೆಲವು ಗಂಟುಗಳಲ್ಲಿ ಹಾಗೆಯೇ ಕಂಡಿತು. ಗಂಟಿನೊಳಗೆ ಕೆಂಪು ಕಣಗಳ, ಬಿಳಿ ಕಣಗಳ ಮತ್ತು ಪ್ಲೇಟ್‌ಲೆಟ್ ತಯಾರಿಸುವ ದೈತ್ಯ ಕೋಶಗಳ ಪೂರ್ವಜರು ಒಟ್ಟಿಗಿದ್ದುದರಿಂದ, ಒಂದೇ ಕೋಶದಿಂದ ಇವೆಲ್ಲವೂ ಮೂಡಬಲ್ಲವೆಂಬ ಮ್ಯಾಕ್ಸಿಮೊವ್ ಅವರ ವಾದಕ್ಕೆ ಪ್ರಯೋಗದ ಆಧಾರ ಸಿಕ್ಕಿತು.

ಉಳಿದದ್ದು ಮರುಹುಟ್ಟಿನ ಪ್ರಶ್ನೆ. ಅದೇ ವರ್ಷ ಲೂ ಸಿಮಿನೊವಿಚ್ ಅವರ ಜತೆಗೂಡಿ, ಒಂದು ಗಂಟನ್ನು ಬಿಡಿಸಿ ಅದರ ಕೋಶಗಳನ್ನು ಮತ್ತೊಂದು ವಿಕಿರಣಿತ ಇಲಿಗೆ ಚುಚ್ಚಿದಾಗ ಹೊಸ ಗಂಟುಗಳು ಎದ್ದವು. ಎಂದರೆ ಮೂಲ ಕೋಶ ತನ್ನಂಥ ಕೋಶಗಳನ್ನೂ ಹುಟ್ಟಿಸಿತ್ತು.

ಎಲ್ಲ ಗಂಟುಗಳೂ ಒಂದೇ ಬಗೆಯಲ್ಲಿ ವರ್ತಿಸಿದವೇ?

ಇಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಈ ಸಂಶೋಧನೆಯ ಅತ್ಯಂತ ಸ್ವಾರಸ್ಯಕರ ಭಾಗ ಇಲ್ಲಿದೆ. ಕೆಲವು ಗಂಟುಗಳಿಂದ ಹತ್ತಾರು ಹೊಸ ಗಂಟುಗಳು ಹುಟ್ಟಿದರೆ ಹಲವಾರು ಗಂಟುಗಳಿಂದ ಒಂದೂ ಹುಟ್ಟಲಿಲ್ಲ. ಪ್ರಯೋಗದ ದೋಷವೆಂದು ತಳ್ಳಿಹಾಕಬಹುದಾಗಿದ್ದ ಈ ಏರುಪೇರನ್ನು ಅವರು ಫಲಿತಾಂಶವೆಂದೇ ಪರಿಗಣಿಸಿದರು. 1964ರಲ್ಲಿ ಟಿಲ್, ಮೆಕಲಕ್ ಮತ್ತು ಸಿಮಿನೊವಿಚ್ ಮಂಡಿಸಿದ ಮಾದರಿಯ ಪ್ರಕಾರ, ಪ್ರತಿ ಹೆಜ್ಜೆಯಲ್ಲೂ ಕಾಂಡಕೋಶ ತನ್ನನ್ನೇ ನವೀಕರಿಸಿಕೊಳ್ಳುತ್ತದೋ ಅಥವಾ ಪ್ರೌಢತೆಯ ದಾರಿ ಹಿಡಿಯುತ್ತದೋ ಎಂಬುದು ಆ ಬಿಡಿ ಕೋಶದ ಮಟ್ಟಿಗೆ ಸಂಭವನೀಯತೆಯ ವಿಷಯ. ದೇಹದ ನಿಯಂತ್ರಣ ಇರುವುದು ಆ ಸಂಭವನೀಯತೆಯ ಮೇಲೆ, ಪ್ರತಿಯೊಂದು ಕೋಶದ ನಿರ್ಧಾರದ ಮೇಲಲ್ಲ. ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ ಲೆಕ್ಕಹಾಕಿದ ಕೃತಕ ಗಂಟುಗಳ ಏರುಪೇರು ನಿಜವಾದ ಗಂಟುಗಳ ಏರುಪೇರಿಗೆ ಹೊಂದಿಕೆಯಾಯಿತು. ವೈದ್ಯವಿಜ್ಞಾನದಲ್ಲಿ ಇಂಥ ಆಲೋಚನೆ ಆಗ ಅಪರೂಪ. ಇದು ವಿಕಿರಣಶೀಲ ಪರಮಾಣುಗಳ ಕ್ಷಯವನ್ನು ಅಭ್ಯಾಸಮಾಡಿದವರಿಗೆ ಸಹಜವಾಗಿ ಹೊಳೆಯುವ ದಾರಿ ಎಂಬುದನ್ನು ನೋಡಿದರೆ ಟಿಲ್ ಅವರ ಪಾತ್ರ ತಿಳಿಯುತ್ತದೆ.

ಮಜ್ಜೆಯ ಕೋಶ ಚೆನ್ನಾಗಿದ್ದರೆ ಸಾಕೇ? ಸುತ್ತಲಿನ ಪರಿಸರಕ್ಕೆ ಪಾತ್ರವಿಲ್ಲವೇ?

ಇದನ್ನು ಪರೀಕ್ಷಿಸಲು ಅವರಿಗೆ ಹುಟ್ಟಿನಿಂದಲೇ ರಕ್ತಹೀನತೆ ಇರುವ ಎರಡು ಬಗೆಯ ಇಲಿಗಳು ನೆರವಾದವು. ಎರಡರಲ್ಲೂ ಮೇಲ್ನೋಟಕ್ಕೆ ಒಂದೇ ತೊಂದರೆ: ರಕ್ತಹೀನತೆ, ಬಂಜೆತನ, ಮೈಬಣ್ಣದ ಕೊರತೆ. ಬೆಳೆ ಏಳದ ಹೊಲದಲ್ಲಿ ಬೀಜ ಕೆಟ್ಟಿದೆಯೋ ನೆಲ ಕೆಟ್ಟಿದೆಯೋ ಎಂದು ರೈತ ಕೇಳುವ ಪ್ರಶ್ನೆಯೇ ಇಲ್ಲೂ ಎದುರಾಯಿತು. ಡಬ್ಲ್ಯು ಎಂಬ ಗುರುತಿನ ಇಲಿಯ ಮಜ್ಜೆಯನ್ನು ಸಹಜ ಇಲಿಗೆ ಚುಚ್ಚಿದರೆ ಗಂಟುಗಳು ಏಳಲಿಲ್ಲ; ಆದರೆ ಸಹಜ ಮಜ್ಜೆಯನ್ನು ಅದಕ್ಕೆ ಕೊಟ್ಟರೆ ರಕ್ತಹೀನತೆ ಗುಣವಾಯಿತು. ಸ್ಟೀಲ್ ಎಂಬ ಗುರುತಿನ ಇಲಿಯಲ್ಲಿ ಇದು ತಿರುವುಮುರುವು: ಅದರ ಮಜ್ಜೆ ಬೇರೆ ಇಲಿಯಲ್ಲಿ ಚೆನ್ನಾಗಿಯೇ ಗಂಟು ಕಟ್ಟಿತು, ಬೇರೆ ಇಲಿಯ ಒಳ್ಳೆಯ ಮಜ್ಜೆ ಮಾತ್ರ ಅದರ ದೇಹದಲ್ಲಿ ಬೆಳೆಯಲಿಲ್ಲ. ಈ ಇಲಿಗಳ ತಳಿವಿಜ್ಞಾನವನ್ನು ಬಲ್ಲ, ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಎಲಿಜಬೆತ್ ರಸೆಲ್ ಸ್ಟೀಲ್ ಇಲಿಗಳ ಕುರಿತ 1965ರ ಪ್ರಬಂಧದಲ್ಲಿ ಸಹಲೇಖಕಿಯಾಗಿದ್ದರು.

ಕಾಲು ಶತಮಾನದ ಬಳಿಕ ಅಣುಮಟ್ಟದ ವಿವರಣೆ ದೊರೆಯಿತು. ಡಬ್ಲ್ಯು ವಂಶವಾಹಿ ಕಾಂಡಕೋಶದ ಮೇಲ್ಮೈಯಲ್ಲಿರುವ ಕಿಟ್ ಎಂಬ ಗ್ರಾಹಕವನ್ನು ರೂಪಿಸುತ್ತದೆ. ಸ್ಟೀಲ್ ವಂಶವಾಹಿ ಆ ಗ್ರಾಹಕಕ್ಕೆ ಬಂದು ಕೂಡುವ ಪ್ರೋಟೀನನ್ನು ಸುತ್ತಲಿನ ಕೋಶಗಳಲ್ಲಿ ತಯಾರಿಸುತ್ತದೆ. ಕಾಂಡಕೋಶಕ್ಕೆ ಮಜ್ಜೆಯಲ್ಲಿ ನಿರ್ದಿಷ್ಟ ನೆಲೆ ಬೇಕು ಎಂಬ ಕಲ್ಪನೆಯನ್ನು 1978ರಲ್ಲಿ ಬ್ರಿಟನ್ನಿನ ರೇ ಸ್ಕೋಫೀಲ್ಡ್ ಸ್ಪಷ್ಟವಾಗಿ ಮಂಡಿಸಿದರು.

ಹಾಗಾದರೆ ಗುಲ್ಮದ ಗಂಟು ಕಟ್ಟಿದ ಕೋಶವೇ ನಿಜವಾದ ರಕ್ತ ಕಾಂಡಕೋಶವೇ?

ಪೂರ್ತಿ ಅಲ್ಲ. 1982ರಲ್ಲಿ, ಎಂಟನೆಯ ದಿನ ಕಾಣುವ ಗಂಟುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಮಾಯವಾಗುತ್ತವೆಂದೂ ಹನ್ನೆರಡನೆಯ ದಿನದ ಗಂಟುಗಳು ಬೇರೆ ಕೋಶಗಳಿಂದ ಹುಟ್ಟಿದವೆಂದೂ ತಿಳಿದುಬಂತು. ಆ ದಶಕದ ಕೊನೆಗೆ, ಗಂಟು ಕಟ್ಟುವ ಕೋಶಗಳನ್ನೂ ಇಲಿಯ ರಕ್ತವನ್ನು ದೀರ್ಘಕಾಲ ಪೂರೈಸುವ ಕೋಶಗಳನ್ನೂ ಬೇರ್ಪಡಿಸಲು ಸಾಧ್ಯವಾಯಿತು. ಗಂಟು ಕಟ್ಟುವವು ಹೆಚ್ಚಾಗಿ ಕಾಂಡಕೋಶದ ಮುಂದಿನ ತಲೆಮಾರುಗಳು. ಮೂಲ ಕಾಂಡಕೋಶ ಇನ್ನೂ ವಿರಳ. ಅದಕ್ಕೇ ಟೊರಾಂಟೊ ತಂಡ ಮೊದಲಿನಿಂದಲೂ ತನ್ನ ಎಣಿಕೆಯನ್ನು ‘ಗಂಟು ಕಟ್ಟುವ ಘಟಕ’ ಎಂಬ ಎಚ್ಚರಿಕೆಯ ಹೆಸರಿನಿಂದ ಕರೆದದ್ದು ಒಳ್ಳೆಯದೇ ಆಯಿತು. ಕೋಶವನ್ನು ಅದರ ಸಂತತಿಯಿಂದ ಅಳೆಯಬೇಕು ಎಂಬ ಅವರ ಮಾನದಂಡ ಮಾತ್ರ ಬದಲಾಗಲಿಲ್ಲ. ಅವರ ಕೋಶವನ್ನು ಪಕ್ಕಕ್ಕೆ ಸರಿಸಿದ ಪ್ರಯೋಗಗಳೂ ಅದೇ ಮಾನದಂಡವನ್ನು ಇನ್ನಷ್ಟು ಬಿಗಿಯಾಗಿ ಬಳಸಿದವು.

1988ರಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ವಿಂಗ್ ವೈಸ್‌ಮನ್ ತಂಡ ಇಲಿಯ ಕಾಂಡಕೋಶಗಳನ್ನು ಮೇಲ್ಮೈ ಗುರುತುಗಳ ಆಧಾರದಿಂದ ಶೋಧಿಸಿ ತೆಗೆಯಿತು. ಮನುಷ್ಯರ ಕಾಂಡಕೋಶವನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಬೆಳೆಸಿ ಅಳೆಯುವ ವಿಧಾನವನ್ನು ಬೆಳೆಸಿದವರಲ್ಲಿ ಟೊರಾಂಟೊದವರೇ ಆದ ಜಾನ್ ಡಿಕ್ ಪ್ರಮುಖರು.

ಇವರಿಗೆ ನೊಬೆಲ್ ಪ್ರಶಸ್ತಿ ಬಂದಿದೆಯೇ?

ಬಂದಿಲ್ಲ. 1969ರಲ್ಲಿ ಗೈರ್ಡ್ನರ್ ಮತ್ತು 2005ರಲ್ಲಿ ಲಾಸ್ಕರ್ ಪ್ರಶಸ್ತಿ ಇಬ್ಬರಿಗೂ ಸಂದವು. ಮೆಕಲಕ್ 2011ರ ಜನವರಿಯಲ್ಲಿ ತೀರಿಕೊಂಡರು. ಮಜ್ಜೆ ಕಸಿಯನ್ನು ಚಿಕಿತ್ಸೆಯಾಗಿ ಬೆಳೆಸಿದ ಅಮೆರಿಕದ ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಇಂದಿನ ಮಜ್ಜೆ ಕಸಿಗೂ ಈ ಸಂಶೋಧನೆಗೂ ಏನು ಸಂಬಂಧ?

ಥಾಮಸ್ ಅವರ ಮೊದಲ ಪ್ರಯತ್ನಗಳು 1957ರಲ್ಲೇ ಪ್ರಕಟವಾಗಿದ್ದವು, ಆದ್ದರಿಂದ ಕಸಿ ಚಿಕಿತ್ಸೆ ಟೊರಾಂಟೊದಿಂದ ಹುಟ್ಟಿತೆಂದು ಹೇಳುವುದು ಸರಿಯಲ್ಲ. ಕಸಿ ಏಕೆ ಕೆಲಸ ಮಾಡುತ್ತದೆ, ಎಷ್ಟು ಕೋಶ ಕೊಟ್ಟರೆ ಸಾಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿ ಅಲ್ಲಿಂದ ಬಂತು. ಈಗ ದಾನಿಯ ಕೋಶಗಳನ್ನು ಚೀಲಕ್ಕೆ ತುಂಬಿದ ಮೇಲೆ ಪ್ರಯೋಗಾಲಯದಲ್ಲಿ ಮೊದಲು ನೋಡುವುದು ಸಿಡಿ34 ಎಂಬ ಗುರುತುಳ್ಳ ಕೋಶಗಳ ಸಂಖ್ಯೆಯನ್ನು. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಇರಬೇಕೆಂಬುದು ರೂಢಿಯಲ್ಲಿರುವ ಅಳತೆ. ಆ ಬಳಿಕ ಎರಡು ಮೂರು ವಾರ ವಾರ್ಡಿನಲ್ಲಿ ವೈದ್ಯರೂ ಮನೆಯವರೂ ದಿನಾ ಬೆಳಗ್ಗೆ ಕಾಯುವುದು ರಕ್ತಪರೀಕ್ಷೆಯ ಚೀಟಿಯಲ್ಲಿ ನ್ಯೂಟ್ರೊಫಿಲ್ ಸಂಖ್ಯೆ ಮೇಲೇಳುವುದನ್ನು.

ಭಾರತದಲ್ಲಿ ಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಕೆಲಸಕ್ಕೆ ಕೈಹಾಕಿತು. ಬೆಂಗಳೂರಿನಲ್ಲಿ ಈಗ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಲಭ್ಯವಿದ್ದು, ತಲಸ್ಸೇಮಿಯಾ (ಆನುವಂಶಿಕ ರಕ್ತಹೀನತೆ) ಮತ್ತು ರಕ್ತದ ಕ್ಯಾನ್ಸರ್ ಇರುವ ಮಕ್ಕಳು ಕಸಿಗೆ ಬರುವವರಲ್ಲಿ ಸಾಕಷ್ಟಿದ್ದಾರೆ.

ಮಜ್ಜೆ ದಾನವೆಂದರೆ ಬೆನ್ನುಹುರಿಯಿಂದ ತೆಗೆಯುತ್ತಾರೆಯೇ?

ಇಲ್ಲ. ಬೆನ್ನುಹುರಿಗೂ ಮಜ್ಜೆಗೂ ಸಂಬಂಧವಿಲ್ಲ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯ ಹಿಂಭಾಗದಿಂದ ಮಜ್ಜೆಯನ್ನು ಸೂಜಿಯಿಂದ ಎಳೆದುಕೊಳ್ಳುವುದು ಒಂದು ವಿಧಾನ. ಈಗ ಹೆಚ್ಚು ಬಳಕೆಯಲ್ಲಿರುವುದು ಇನ್ನೊಂದು: ನಾಲ್ಕೈದು ದಿನ, ಮಜ್ಜೆಯನ್ನು ಪ್ರಚೋದಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಟ್ಟಾಗ ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುತ್ತವೆ, ತೋಳಿನ ನಾಳದಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಬೇಕಾದ ಕೋಶಗಳನ್ನು ತೆಗೆದುಕೊಂಡು ಉಳಿದದ್ದನ್ನು ಮರಳಿಸಲಾಗುತ್ತದೆ. ಚುಚ್ಚುಮದ್ದಿನ ದಿನಗಳಲ್ಲಿ ಮೂಳೆನೋವು, ತಲೆನೋವು ಸಾಮಾನ್ಯ. ಒಡಹುಟ್ಟಿದವರ ನಡುವೆ ಅಂಗಾಂಶ ಗುರುತುಗಳ ಪೂರ್ಣ ಹೊಂದಾಣಿಕೆಯ ಸಂಭವ ನಾಲ್ಕರಲ್ಲಿ ಒಂದು. ಅವರಲ್ಲಿ ಯಾರೂ ಹೊಂದದಿದ್ದಾಗ ನೋಂದಾಯಿತ ದಾನಿಗಳ ಪಟ್ಟಿಯಲ್ಲಿ ಹುಡುಕುತ್ತಾರೆ, ಅಥವಾ ಅರ್ಧ ಹೊಂದುವ ತಂದೆ ತಾಯಿಯರನ್ನೇ ದಾನಿಯಾಗಿಸುತ್ತಾರೆ.

ಮಧುಮೇಹ, ಮಂಡಿನೋವು, ಆಟಿಸಂ ಮುಂತಾದವಕ್ಕೂ ಸ್ಟೆಮ್ ಸೆಲ್ ಚಿಕಿತ್ಸೆ ಎಂಬ ಜಾಹೀರಾತುಗಳನ್ನು ನಂಬಬಹುದೇ?

ಮಜ್ಜೆಯ ರಕ್ತ ಕಾಂಡಕೋಶ ರಕ್ತವನ್ನು ಹುಟ್ಟಿಸುತ್ತದೆ. 2001ರಲ್ಲಿ ಅದು ಇಲಿಯ ಹೃದಯದ ಸ್ನಾಯುವನ್ನೂ ಹುಟ್ಟಿಸುತ್ತದೆಂಬ ವರದಿ ಬಂದು ದೊಡ್ಡ ಸದ್ದು ಮಾಡಿತ್ತು. 2004ರಲ್ಲಿ ಬೇರೆ ಪ್ರಯೋಗಾಲಯಗಳು ಅದೇ ಪ್ರಯೋಗವನ್ನು ಮಾಡಿದಾಗ ಹಾಗಾಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಸ್ಥಿತಿಗಳಲ್ಲಿ ಮಾಡುವ ರಕ್ತ ಕಾಂಡಕೋಶಗಳ ಕಸಿಯನ್ನು ಮಾತ್ರ ಅಂಗೀಕೃತ ಚಿಕಿತ್ಸೆಯೆಂದು ಪರಿಗಣಿಸಿದೆ. ಉಳಿದದ್ದು ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನಲ್ಲಿ ನಡೆಯಬೇಕು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಲಕ್ಷಗಟ್ಟಲೆ ಹಣ ಕೇಳುತ್ತಿದ್ದರೆ ಅಲ್ಲೇ ಅನುಮಾನ ಬರಬೇಕು. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಅದೇ ಮಗುವಿನ ಮುಂದಿನ ಬಳಕೆಗೆಂದು ಖಾಸಗಿಯಾಗಿ ಕಾಪಿಡುವುದಕ್ಕೂ ವೈಜ್ಞಾನಿಕ ಆಧಾರವಿಲ್ಲವೆಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಈ ಕ್ಷೇತ್ರದಲ್ಲಿ ಈಚೆಗೆ ಆದದ್ದೇನು?

ರೋಗಿಯದೇ ಕಾಂಡಕೋಶವನ್ನು ಹೊರತೆಗೆದು, ವಂಶವಾಹಿಯನ್ನು ತಿದ್ದಿ ಅಥವಾ ಸೇರಿಸಿ ಮರಳಿಸುವ ವಿಧಾನ ಮುಖ್ಯವಾದದ್ದು. ಕುಡುಗೋಲು ಕಣ ರೋಗ (ಸಿಕಲ್ ಸೆಲ್) ಮತ್ತು ತಲಸ್ಸೇಮಿಯಾಗೆ ವಂಶವಾಹಿಯನ್ನು ತಿದ್ದುವ ಇಂಥ ಚಿಕಿತ್ಸೆಯೊಂದಕ್ಕೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಮೊದಲ ಅನುಮತಿ ನೀಡಿತು. ನಮ್ಮಲ್ಲಿ ವೆಲ್ಲೂರಿನ ವೈದ್ಯರು, ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ಘಟಕವಾಗಿ ವೆಲ್ಲೂರಿನಲ್ಲೇ ಇರುವ ಕಾಂಡಕೋಶ ಸಂಶೋಧನಾ ಕೇಂದ್ರದೊಡನೆ ಸೇರಿ, ತೀವ್ರ ಹಿಮೊಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದ ಐವರಿಗೆ ಅವರದೇ ಕಾಂಡಕೋಶಗಳಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ‘ಎಂಟನೆಯ ಅಂಶ’ (ಫ್ಯಾಕ್ಟರ್ 8) ಎಂಬ ಪ್ರೋಟೀನಿನ ವಂಶವಾಹಿಯನ್ನು ಸೇರಿಸಿ ಕೊಟ್ಟ ಚಿಕಿತ್ಸೆಯ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಸಣ್ಣ ಸಂಖ್ಯೆ ನಿಜ, ಆದರೆ ಕಡಿಮೆ ಗಮನ ಸೆಳೆದ ದೊಡ್ಡ ಕೆಲಸ.

ಇನ್ನೊಂದು ಕಡೆ, ಮನುಷ್ಯನಲ್ಲಿ ಎಷ್ಟು ಕಾಂಡಕೋಶಗಳು ಸಕ್ರಿಯವಾಗಿ ರಕ್ತ ಪೂರೈಸುತ್ತವೆ ಎಂಬ ಲೆಕ್ಕವೂ ಸಿಕ್ಕಿದೆ. ಕೋಶಗಳಲ್ಲಿ ವಯಸ್ಸಿನೊಡನೆ ಸಹಜವಾಗಿ ಬೀಳುವ ಡಿಎನ್‌ಎ ಬದಲಾವಣೆಗಳನ್ನೇ ಗುರುತಾಗಿ ಬಳಸಿ 2018ರಲ್ಲಿ ಮಾಡಿದ ಅಂದಾಜು 50,000ದಿಂದ 2,00,000. ಬೆಕರ್ ವಿಕಿರಣದಿಂದ ಹಾಕಿದ ಗುರುತನ್ನು ಇಲ್ಲಿ ಕಾಲವೇ ಹಾಕಿಕೊಟ್ಟಿತ್ತು.

ಕಾಂಡಕೋಶದಿಂದ ಪ್ರಯೋಗಾಲಯದಲ್ಲೇ ರಕ್ತ ತಯಾರಿಸಿ ರಕ್ತದಾನವನ್ನು ನಿಲ್ಲಿಸಬಹುದೇ?

ಸದ್ಯಕ್ಕಿಲ್ಲ. ಕಾಂಡಕೋಶಗಳಿಂದ ಕೆಂಪು ಕಣಗಳನ್ನು ಬೆಳೆಸಲು ಬರುತ್ತದೆ. ಬ್ರಿಟನ್ನಿನಲ್ಲಿ 2022ರಲ್ಲಿ ಹಾಗೆ ಬೆಳೆಸಿದ ಕೆಂಪು ಕಣಗಳನ್ನು ಸ್ವಯಂಸೇವಕರಿಗೆ ಕೊಟ್ಟೂ ಆಗಿದೆ. ಕೊಟ್ಟದ್ದು ಒಂದೆರಡು ಟೀ ಚಮಚದಷ್ಟು. ತೊಡಕಿರುವುದು ಎರಡು ಕಡೆ. ಮಜ್ಜೆಯ ಹೊರಗೆ ಇಟ್ಟ ಕಾಂಡಕೋಶ ಬೇಗನೆ ಪ್ರೌಢವಾಗಿಬಿಡುತ್ತದೆ, ತನ್ನಂಥದ್ದನ್ನು ಹುಟ್ಟಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಸ್ಟೀಲ್ ಇಲಿಗಳು ತೋರಿಸಿದ ಆ ನೆಲೆಯನ್ನು ಗಾಜಿನ ಪಾತ್ರೆಯಲ್ಲಿ ಪೂರ್ತಿಯಾಗಿ ಮರುಸೃಷ್ಟಿಸಲು ಇನ್ನೂ ಆಗಿಲ್ಲ. ಎರಡನೆಯದು ವೆಚ್ಚ: ರಕ್ತನಿಧಿಯ ಒಂದು ಚೀಲದಲ್ಲಿರುವಷ್ಟು ಕಣಗಳನ್ನು ಬೆಳೆಸಲು ಬೇಕಾಗುವ ಪೋಷಕ ದ್ರಾವಣ ಮತ್ತು ಶ್ರಮ ಸಾಮಾನ್ಯ ಬಳಕೆಗೆ ಎಟುಕುವಂತಿಲ್ಲ. ಆದ್ದರಿಂದ ಸಂಶೋಧಕರು ಮೊದಲು ಗಮನಿಸುತ್ತಿರುವುದು, ಹೊಂದುವ ದಾನಿಗಳು ಸಿಗದಷ್ಟು ವಿರಳ ರಕ್ತದ ಗುಂಪಿನವರನ್ನು.